ಪಕ್ಕದ ಖೋಲಿಯ ನಲ್ಲಿ

ಮುಂಬಯಿಯ ಚಾಳಿನಲ್ಲಿ ಬಾಳಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಾರದಿದ್ದರೆ ಯಾರೂ ಕೂಡಲೇ ಗೋಡೆ ಒಡೆಯುವುದಿಲ್ಲ. ಪಕ್ಕದ ಖೋಲಿಯವರನ್ನು, “ನಿಮ್ಮಲ್ಲಿ ನೀರು ಬಂತೆ?” ಎಂದು ಕೇಳುತ್ತೇವೆ. ಬಂದಿದ್ದರೆ ದೋಷ ನಮ್ಮ ನಲ್ಲಿಯದು. ಬಾರದಿದ್ದರೆ ಮೇಲಿನ ಟಾಕಿಯದು. ಮನೆಯ ಕಂಪ್ಯೂಟರು ಕೆಟ್ಟಾಗಲೂ ಇಷ್ಟು ವಿವೇಕ ಸಾಕು. ಆದರೆ ಅಲ್ಲಿ ಮಾತ್ರ ನಾವು ಮೊದಲೇ ಗೋಡೆ ಒಡೆಯಲು ಒಪ್ಪಿಬಿಡುತ್ತೇವೆ!

ಒಂದು ಯಂತ್ರವನ್ನು ಹಲವರು ತಮ್ಮ ತಮ್ಮ ಹೆಸರಿನಲ್ಲಿ ಬಳಸುವ ಏರ್ಪಾಡು ಹಳೆಯದು. ಅಮೆರಿಕದ ಎಂ.ಐ.ಟಿ.ಯಲ್ಲಿ 1961ರಲ್ಲಿಯೇ ಅಂಥದೊಂದನ್ನು ನಡೆಸಿ ತೋರಿಸಿದ್ದರು. ಇಂದು ಯಂತ್ರ ಒಬ್ಬರದೇ ಆಗಿದ್ದರೂ ಏರ್ಪಾಡು ಉಳಿದಿದೆ. ವಿಂಡೋಸಿನಲ್ಲಿ ‘ಯೂಸರ್ಸ್’ ಎಂಬ ಫೋಲ್ಡರಿನೊಳಗೆ ಪ್ರತಿಯೊಬ್ಬನಿಗೂ ಒಂದು ಖೋಲಿ. ಅವನ ಅಭ್ಯಾಸ, ಆಯ್ಕೆಗಳ ಬಹುಪಾಲು ‘ಎನ್‌ಟಿಯೂಸರ್.ಡ್ಯಾಟ್’ ಎಂಬ ಮರೆಯಲ್ಲಿರುವ ಕಡತದಲ್ಲಿ ದಾಖಲಾಗಿರುತ್ತದೆ. ನಡುವೆ ವಿದ್ಯುತ್ತು ಹೋಗಿ ಇಂಥ ಕಡತ ಕೆಟ್ಟರೆ ಸ್ಟಾರ್ಟ್ ಗುಂಡಿ ತೆರೆಯದಿರಬಹುದು, ಕಾರ್ಯಕ್ರಮಗಳು ತೆರೆದೊಡನೆ ಮುಚ್ಚಿಕೊಳ್ಳಬಹುದು. ಯಂತ್ರವೇ ಸತ್ತಿತೆಂದು ನಾವು ತಲೆಯ ಮೇಲೆ ಕೈಹೊತ್ತು ಕೂರುತ್ತೇವೆ.

ನಮ್ಮ ಬಳಗದ ಹಿರಿಯರೊಬ್ಬರಿಗೆ ಹೀಗೆಯೇ ಆಯಿತು. ರಿಪೇರಿಯ ಅಂಗಡಿಯವನು, “ಫಾರ್ಮ್ಯಾಟ್ ಮಾಡಬೇಕು, ಒಳಗಿದ್ದುದು ಉಳಿಯುವುದಿಲ್ಲ” ಎಂದನಂತೆ. ಒಳಗಿದ್ದುದೇನು? ತೀರಿಕೊಂಡ ಹೆಂಡತಿ ತಮ್ಮ ದನಿಯಲ್ಲಿ ಹಾಡಿಟ್ಟಿದ್ದ ಹಸೆಯ ಹಾಡುಗಳು, ಆರತಿಯ ಹಾಡುಗಳು. ಬೇರೆಲ್ಲಿಯೂ ಪ್ರತಿಯಿರಲಿಲ್ಲ. ರಾಯರು ಯಂತ್ರವನ್ನು ಅಂಗಡಿಯಿಂದ ಹಿಂದಕ್ಕೆ ತಂದರು. ನಾನು ಹೋಗಿ ಹೊಸ ಖಾತೆಯೊಂದನ್ನು ತೆರೆದು ನೋಡಿದರೆ ಸ್ಟಾರ್ಟ್ ಗುಂಡಿ ಒಡನೆಯೇ ತೆರೆಯಿತು. ಹಾಡುಗಳೆಲ್ಲ ಹಳೆಯ ಖೋಲಿಯಲ್ಲಿ ಸುರಕ್ಷಿತವಾಗಿದ್ದವು. ರಾಯರು ಒಂದನ್ನು ಹಚ್ಚಿ, ಪೂರ್ತಿ ಕೇಳಿ, ಆಮೇಲೆ, “ಚಹಾ ಮಾಡಲೇನಪ್ಪ?” ಎಂದರು.

ಕ್ರಮ ಸುಲಭ. ಮೊದಲು ಬೇಕಾದ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿರಿ. ವಿಂಡೋಸ್ ಕೀಲಿಯನ್ನೂ ‘ಐ’ ಅಕ್ಷರವನ್ನೂ ಕೂಡಿ ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಅಲ್ಲಿ ‘ಅಕೌಂಟ್ಸ್’, ಅದರಲ್ಲಿ ‘ಅದರ್ ಯೂಸರ್ಸ್’, ಅದರಲ್ಲಿ ‘ಆಡ್ ಅಕೌಂಟ್’. ಮ್ಯಾಕ್ ಇದ್ದವರು ‘ಯೂಸರ್ಸ್ ಅಂಡ್ ಗ್ರೂಪ್ಸ್’ ನೋಡಬೇಕು. ಹೊಸ ಹೆಸರಿನಿಂದ ಒಳಹೊಕ್ಕು, ತೊಂದರೆ ಕೊಟ್ಟ ಕೆಲಸವನ್ನೇ ಮತ್ತೆ ಮಾಡಿರಿ. ಸರಿಯಾಗಿ ನಡೆದರೆ ದೋಷ ಹಳೆಯ ಖಾತೆಯದು. ಇಲ್ಲಿಯೂ ಅದೇ ತೊಂದರೆಯೆ? ಹಾಗಾದರೆ ಕಾರಣ ಎಲ್ಲರಿಗೂ ಸೇರಿದ ಭಾಗದಲ್ಲಿದೆ: ಡಿಸ್ಕೋ, ಡ್ರೈವರೋ, ವಿಂಡೋಸೋ. ಆಗ ಬಲ್ಲವರನ್ನು ಕರೆಯಿರಿ. ಅವರಿಗೂ ಅರ್ಧ ಕೆಲಸ ಉಳಿದಂತಾಯಿತು. ಕಚೇರಿಯ ಯಂತ್ರದಲ್ಲಿ ಮಾತ್ರ ಈ ಪ್ರಯೋಗ ಬೇಡ. ಅದು ಕಂಪ್ಯೂಟರ್ ವಿಭಾಗದವರ ಅಧಿಕಾರ.

ಹೊಸ ಖೋಲಿಗೆ ಸಾಮಾನು ಸಾಗಿಸುವಾಗ ತಿಗಣೆ ಹತ್ತಿದ ಹಾಸಿಗೆಯನ್ನೂ ಹೊತ್ತೊಯ್ಯಬಾರದು. ಪತ್ರಗಳು, ಚಿತ್ರಗಳು, ಹಾಡುಗಳು, ಇಷ್ಟನ್ನೇ ಒಯ್ಯಿರಿ. ಮರೆಯಲ್ಲಿರುವ ‘ಆ್ಯಪ್‌ಡೇಟಾ’ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿದರೆ ಹಳೆಯ ರೋಗವೂ ಜೊತೆಯಲ್ಲಿ ಬಂದೀತು. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳು ಈ ಕಡತಗಳೊಂದಿಗೆ ಬರುವುದಿಲ್ಲ; ಅವನ್ನು ಮೊದಲೇ ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು.

ಕೊನೆಯದಾಗಿ ಒಂದು ಮಾತು. ಹೊಸದು ಸರಿಹೋಯಿತೆಂದು ಹಳೆಯ ಖಾತೆಯನ್ನು ಅಂದೇ ಅಳಿಸಬೇಡಿರಿ. ಖಾತೆಯೊಂದಿಗೆ ಅದರೊಳಗಿನ ಕಡತಗಳೂ ಅಳಿಯುತ್ತವೆ. ಒಂದೆರಡು ತಿಂಗಳು ಹಾಗೆಯೇ ಇರಲಿ. ಗುಮಾಸ್ತರ ಅನುಭವ ಕೇಳಿರಿ: ಇನ್ನು ಬೇಡವೆಂದು ಯಾವ ಕಡತವನ್ನು ರದ್ದಿಗೆ ಹಾಕುತ್ತೇವೆಯೋ, ಮರುದಿನ ಸಾಹೇಬರು ಕೇಳುವುದು ಅದನ್ನೇ.