ನುಡಿಯದ ವಾದ್ಯಕ್ಕೆ ಬೆಲೆಯೇನು?

ಹಳೆಯ ಎಲೆಕ್ಟ್ರಿಕ್ ಬೇಸ್ ಗಿಟಾರನ್ನು ನುಡಿಸಬಾರದು, ಗಾಜಿನ ಬೀರುವಿನಲ್ಲಿಟ್ಟು ಕಾಪಾಡಬೇಕು ಎನ್ನುವ ಸಂಗ್ರಾಹಕರಿದ್ದಾರೆ. ನುಡಿಸಿದರೆ ಬಣ್ಣ ಸವೆದು ಬೆಲೆ ಇಳಿದೀತೆಂಬುದು ಅವರ ಅಂಜಿಕೆ. ಈ ವಾದವನ್ನು ನಾನು ಒಪ್ಪಲಾರೆ.

ಆ ವಾದ್ಯ ಹುಟ್ಟಿದ್ದಾದರೂ ಯಾತಕ್ಕೆ? ಅದಕ್ಕೆ ಮುಂಚೆ ಮಂದ್ರಸ್ವರ ನುಡಿಸುವವನು ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗಬೇಕಿತ್ತು. ಹೊತ್ತು ತಂದರೂ ಡ್ರಮ್ಮು, ತುತ್ತೂರಿಗಳ ನಡುವೆ ಅದರ ದನಿ ಅಡಗಿಹೋಗುತ್ತಿತ್ತು. ಕ್ಯಾಲಿಫೋರ್ನಿಯದ ಫುಲರ್‌ಟನ್ನಿನಲ್ಲಿ ರೇಡಿಯೋ ರಿಪೇರಿಯಿಂದ ಮೇಲೆ ಬಂದ ಲಿಯೋ ಫೆಂಡರ್ 1951ರಲ್ಲಿ 'ಪ್ರಿಸಿಷನ್ ಬೇಸ್' ಹೊರತಂದದ್ದು ಈ ಕಷ್ಟ ನೀಗಲೆಂದೇ. ನಾಲ್ಕು ತಂತಿ, ಸ್ವರಸ್ಥಾನ ತಪ್ಪದಂತೆ, ವೀಣೆಗಿರುವಂತೆ, ಮೆಟ್ಟಿಲುಗಳು. ಕತ್ತನ್ನು ಒಡಲಿಗೆ ಸ್ಕ್ರೂಗಳಿಂದ ಬಿಗಿದಿತ್ತು. ಕೆಟ್ಟರೆ ಬಿಚ್ಚಿ ಬದಲಿಸಬಹುದಿತ್ತು. ದುಡಿಯಲೆಂದೇ ಮಾಡಿದ ಸಾಮಾನು ಅದು!

ಆ ದುಡಿಮೆಯ ಫಲವೇನೆಂದು 1960ರ ದಶಕದಲ್ಲಿ ಡೆಟ್ರಾಯಿಟಿನ ಮೋಟೌನ್ ಸಂಸ್ಥೆಯ ಹಾಡುಗಳಲ್ಲಿ ಕೇಳಬಹುದು. ಜೇಮ್ಸ್ ಜೇಮರ್ಸನ್ ತನ್ನ ಪ್ರಿಸಿಷನ್ ಬೇಸಿನ ತಂತಿಗಳನ್ನು ಒಂದೇ ತೋರುಬೆರಳಿನಿಂದ ಮೀಟಿ ಲೋಕವನ್ನು ಕುಣಿಸಿದ. ಬಹುಕಾಲ ಧ್ವನಿಮುದ್ರಿಕೆಗಳ ಮೇಲೆ ಅವನ ಹೆಸರೂ ಇರಲಿಲ್ಲ.

ನನ್ನ ಬಳಿಯೂ ಒಳ್ಳೆಯ ಬೇಸೊಂದಿದೆ. ಸಂಜೆ ಸಂಜೆ ನುಡಿಸಿ, ಹೆಬ್ಬೆರಳು ಊರುವ ಕಡೆ ಮೆರುಗು ಹೋಗಿದೆ. ಅದನ್ನು ನಷ್ಟವೆಂದು ನಾನೆಣಿಸಿಲ್ಲ. ಕೈಗೂ ವಾದ್ಯಕ್ಕೂ ಪರಿಚಯವಾದದ್ದೇ ಹಾಗೆ.

ವಸ್ತುಸಂಗ್ರಹಾಲಯದಲ್ಲಿ ಒಂದೆರಡು ಇರಲಿ, ಬೇಡವೆನ್ನೆ. ಆದರೆ ಬೆಲೆಯೇರಲೆಂದು ಕಾಯುವವರು ಒಳ್ಳೆಯ ವಾದ್ಯಗಳನ್ನೆಲ್ಲ ಕೂಡಿಟ್ಟರೆ, ನುಡಿಸಿ ಹೊಟ್ಟೆ ಹೊರೆಯುವ ವಾದಕನಿಗೆ ಅವು ಎಟುಕುವುದು ಹೇಗೆ? ಶ್ರೀಮಂತನ ಬೀರು ತುಂಬಿದಷ್ಟೂ ಸಂಗೀತಸಭೆ ಬಡವಾಗುತ್ತದೆ.

ಒಡೆಯರೇ, ಬೀಗ ತೆಗೆಯಿರಿ. ನಿಮಗೆ ನುಡಿಸಲು ಬಾರದಿದ್ದರೆ, ಬಲ್ಲವರ ಕೈಗೆ ಕೊಡಿ.