ತಳವಾರ: ಕೆಲಸದ ಹೆಸರು, ಜಾತಿಯ ಜಗ್ಗಾಟ

2020ರಲ್ಲಿ ಸಂಸತ್ತು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ತಿದ್ದುಪಡಿ ತಂದು, ನಾಯಕ ಸಮುದಾಯದ ಪರ್ಯಾಯ ಹೆಸರುಗಳಾಗಿ ಪರಿವಾರ, ತಳವಾರ ಎಂಬೆರಡನ್ನು ಸೇರಿಸಿತು. ಬಹುಕಾಲದ ಬೇಡಿಕೆಯೇನೋ ಈಡೇರಿತು. ಆದರೆ ಕಲಬುರಗಿ, ವಿಜಯಪುರದ ಕಡೆ ತಹಶೀಲ್ದಾರ್ ಕಚೇರಿಗಳಲ್ಲಿ ಅದರ ಬೆನ್ನಿಗೇ ಜಗ್ಗಾಟವೂ ಶುರುವಾಯಿತು. ತಳವಾರ ಅಂತ ಅಡ್ಡಹೆಸರು ಇದ್ದವರೆಲ್ಲ ನಾಯಕರೇ? ಕಬ್ಬಲಿಗ, ಕೋಳಿ ಬಳಗದೊಳಗಿನ ತಳವಾರರು ಯಾವ ಪಟ್ಟಿಯವರು? ಪ್ರಮಾಣಪತ್ರ ಕೊಟ್ಟರೆ ಒಂದು ಕಡೆಯವರಿಗೆ ಸಿಟ್ಟು, ಕೊಡದಿದ್ದರೆ ಇನ್ನೊಂದು ಕಡೆಯವರಿಗೆ. ನಡುವೆ ಸಿಕ್ಕಿಕೊಂಡವರು ಕಾಲೇಜಿಗೆ, ನೌಕರಿಗೆ ಅರ್ಜಿ ಹಾಕಿ ಕೂತ ಹುಡುಗ ಹುಡುಗಿಯರು.

ನಮ್ಮ ಮಾತು ಇಷ್ಟೇ: ತಳವಾರ ಎಂಬುದು ಮೊದಲಿಗೆ ಒಂದು ಕೆಲಸದ ಹೆಸರು. ಆ ಕೆಲಸದ ಚರಿತ್ರೆ ತಿಳಿಯದೆ ಈ ಕಡತ ಬಗೆಹರಿಯುವುದಿಲ್ಲ.

ಊರ ಕಾವಲು ತಳವಾರನದು. ರಾತ್ರಿ ಗಸ್ತು, ಹೊಸಬರು ಬಂದರೆ ವಿಚಾರಣೆ, ದಾರಿಹೋಕರನ್ನು ಮುಂದಿನ ಊರಿಗೆ ಮುಟ್ಟಿಸುವುದು, ಕಂದಾಯ ಬಾಕಿ ಉಳಿಸಿಕೊಂಡವರನ್ನು ಚಾವಡಿಗೆ ಕರೆತರುವುದು. ಕಳವಾದಾಗ ಅವನ ಹೊಣೆ ಇನ್ನೂ ಬಿಗಿ. ಕಳ್ಳರ ಹೆಜ್ಜೆಗುರುತು ಹಿಡಿದು ಅವನು ಊರ ಎಲ್ಲೆಯವರೆಗೆ ನಡೆಯಬೇಕು. ಜಾಡು ಎಲ್ಲೆ ದಾಟಿತೆಂದು ತೋರಿಸಿಕೊಟ್ಟರೆ ಹೊಣೆ ಆಚೆಯ ಊರಿನ ಕಾವಲಿನವರದು. ತೋರಿಸಲಾಗದಿದ್ದರೆ ಜವಾಬು ಇವನೇ ಹೇಳಬೇಕು. ಬತ್ತಿದ ಹಳ್ಳದ ಮರಳಲ್ಲಿ, ದನ ತುಳಿದ ಕಪ್ಪು ನೆಲದಲ್ಲಿ, ಒಂದು ಕಾಲಿನ ಅಚ್ಚನ್ನು ಹತ್ತು ಕಾಲಿನ ಅಚ್ಚುಗಳ ನಡುವೆ ಬೇರ್ಪಡಿಸಿ ನೋಡುವ ಆ ವಿದ್ಯೆ ಅಪ್ಪನಿಂದ ಮಗನಿಗೆ ಬಂದದ್ದು. ಇದಕ್ಕೆ ಸಂಬಳವೆಂದರೆ ಸುಗ್ಗಿಯಲ್ಲಿ ಕಣದ ಮೇಲೆ ರೈತರು ಅಳೆದು ಕೊಡುವ ಆಯದ ಕಾಳು, ಜೊತೆಗೆ ಇನಾಮಿನ ತುಂಡು ಹೊಲ. ಗೌಡ, ಶಾನುಭೋಗ, ನೀರಗಂಟಿ, ಬಡಿಗ, ಕಮ್ಮಾರರಂತೆ ತಳವಾರನೂ ಹನ್ನೆರಡು ಆಯಗಾರರಲ್ಲಿ ಒಬ್ಬ.

ಹೆಸರಂತೂ ಬಹಳ ಹಳೆಯದು. ನಾಗಾರ್ಜುನಕೊಂಡದ ಇಕ್ಷ್ವಾಕು ಶಾಸನಗಳಲ್ಲಿ ‘ಮಹಾತಳವರ’ ಎಂಬ ಪದವಿ ಮತ್ತೆ ಮತ್ತೆ ಬರುತ್ತದೆ. ರಾಜ ಚಾಂತಮೂಲನ ಸೋದರಿ ಚಾಂತಿಸಿರಿ, ಅಲ್ಲಿನ ಮಹಾಚೈತ್ಯಕ್ಕೆ ದಾನ ಕೊಟ್ಟವಳು, ಅಂಥ ಒಬ್ಬ ಮಹಾತಳವರನ ಹೆಂಡತಿ. ಆ ಶಾಸನಗಳನ್ನು ಓದಿ ಪ್ರಕಟಿಸಿದ ಫೋಗೆಲ್ ಈ ಪದವಿಯನ್ನು ಕನ್ನಡದ ತಳವಾರನೊಂದಿಗೆ, ತಮಿಳಿನ ತಲೈಯಾರಿಯೊಂದಿಗೆ ಹೋಲಿಸಿದ್ದಾರೆ. ಒಂದು ಕಾಲಕ್ಕೆ ಅರಮನೆಯ ನಂಟಸ್ತನ ಇದ್ದ ಹೆಸರು, ಕಾಲ ಸರಿದಂತೆ ಊರ ಬಾಗಿಲಿಗೆ ಬಂದು ನಿಂತಿತು. ಕೀಳು ಕೆಲಸದ ಗುರುತೆಂದು ಈ ಅಡ್ಡಹೆಸರನ್ನು ಬಿಟ್ಟುಕೊಟ್ಟ ಮನೆಗಳಿವೆ. ಅವರ ಮಕ್ಕಳಿಗೆ ಇದನ್ನು ಹೇಳಬೇಕು.

ಕಾವಲಿನ ಕೆಲಸ ಎಲ್ಲ ಊರಲ್ಲೂ ಒಂದೇ ಸಮುದಾಯದ ಪಾಲಿಗೆ ಬರಲಿಲ್ಲ. ಹೆಚ್ಚಿನ ಕಡೆ ಬೇಡ ನಾಯಕರು, ಭೀಮೆಯ ಬಯಲಲ್ಲಿ ಕಬ್ಬಲಿಗರು, ಇನ್ನು ಕೆಲವೆಡೆ ಕುರುಬರು, ದಲಿತರು. ಆ ಊರಲ್ಲಿ ಯಾರ ತೋಳಿಗೆ ಬಲವಿತ್ತೋ, ಯಾರ ಮೇಲೆ ಗೌಡನಿಗೆ ನಂಬಿಕೆಯಿತ್ತೋ ಅವರದು ತಳವಾರಿಕೆ. ಉತ್ತರ ಕರ್ನಾಟಕದ ಉದ್ಯೋಗದ ಅಡ್ಡಹೆಸರುಗಳಲ್ಲಿ ಹಲವು ಹೀಗೆಯೇ. ಪಾಟೀಲರಲ್ಲಿ ಲಿಂಗಾಯತರಿದ್ದಾರೆ, ಜೈನರಿದ್ದಾರೆ, ಮುಸಲ್ಮಾನರೂ ಇದ್ದಾರೆ. ದೇಸಾಯಿ ಎಂದಷ್ಟಕ್ಕೇ ಮನೆದೇವರು ಯಾವುದೆಂದು ಯಾರೂ ಹೇಳಲಾರರು. ಪಾಟೀಲರ ವಿಷಯದಲ್ಲಿ ಎಲ್ಲರಿಗೂ ಗೊತ್ತಿರುವ ಈ ಸಂಗತಿ ತಳವಾರರ ವಿಷಯಕ್ಕೆ ಬಂದಾಗ ಮರೆತುಹೋಗುತ್ತದೆ. ಬಡವನ ಹೆಸರನ್ನು ನಿಧಾನವಾಗಿ ಓದುವ ವ್ಯವಧಾನ ನಮ್ಮ ಕಚೇರಿಗಳಿಗೆ ಇನ್ನೂ ಬಂದಿಲ್ಲ.

ವಂಶಪಾರಂಪರ್ಯದ ಈ ಹುದ್ದೆಗಳನ್ನು ರದ್ದು ಮಾಡಿದ್ದು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ. ಅದು ಜಾರಿಯಾದದ್ದು 1963ರ ಫೆಬ್ರುವರಿ 1ರಂದು. ಆಯ ನಿಂತಿತು, ಕಾವಲು ನಿಂತಿತು, ಇನಾಮು ಹೊಲ ಸರ್ಕಾರಕ್ಕೆ ಸೇರಿ ಮರುಮಂಜೂರಾತಿಯ ದಾರಿ ಹಿಡಿಯಿತು. ಹೆಸರು ಮಾತ್ರ ಶಾಲೆಯ ದಾಖಲಾತಿ ಪುಸ್ತಕದಲ್ಲಿ, ಪಹಣಿಯಲ್ಲಿ, ಪಡಿತರ ಚೀಟಿಯಲ್ಲಿ ಉಳಿಯಿತು. ಇವತ್ತಿನ ಅಧಿಕಾರಿಯ ಕಣ್ಣಿಗೆ ಬೀಳುವುದು ಆ ಒಂದು ಹೆಸರು.

ಹಾಗಾಗಿ ಹೆಸರಿನ ಕೊನೆಯ ಪದ ನೋಡಿ ಪ್ರಮಾಣಪತ್ರ ಕೊಡುವುದೂ ತಪ್ಪು, ಅದೇ ಪದವನ್ನು ಅನುಮಾನಿಸಿ ನಿಜವಾದ ನಾಯಕ ಕುಟುಂಬವನ್ನು ವರ್ಷಗಟ್ಟಲೆ ಅಲೆದಾಡಿಸುವುದೂ ತಪ್ಪು. ನೋಡಬೇಕಾದದ್ದು ಕುಟುಂಬದ ಬೀಗತನ, ಕುಲಾಚಾರ, ಅಜ್ಜ ಮುತ್ತಜ್ಜರ ಶಾಲಾ ದಾಖಲೆ. ಜೊತೆಗೆ ಇನಾಮು, ವತನದ ಹಳೆಯ ಪುಸ್ತಕಗಳು. ತಳವಾರಿಕೆ ಯಾವ ಮನೆತನದ ಕೈಯಲ್ಲಿತ್ತು, ಯಾವ ಸರ್ವೆ ನಂಬರಿನ ಹೊಲ ಅದಕ್ಕೆ ಸೇರಿತ್ತು ಎಂಬ ವಿವರ ಇರುವುದು ಅಲ್ಲಿ. ಮೋಡಿ ಲಿಪಿಯಲ್ಲಿ, ಉರ್ದುವಿನಲ್ಲಿ ಇರುವ ಅಂಥ ದಾಖಲೆ ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕಂದಾಯ ಇಲಾಖೆ ಮೊದಲು ಈ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಲಿ, ಓದಬಲ್ಲವರನ್ನು ಕೂರಿಸಿ ಕನ್ನಡಕ್ಕೆ ಇಳಿಸಲಿ, ಅರ್ಜಿ ಹಾಕಿದವರ ಕೈಗೂ ಅದರ ಪ್ರತಿ ಸಿಗುವಂತೆ ಮಾಡಲಿ.