ನಡುಗುವ ನೆಲ, ಅರಿಯುವ ಗೋಡೆ

ನಿಶ್ಚಿಂತೆಯಿಂದ ಮಲಗುವುದಕ್ಕೆಂದು ಮನುಷ್ಯನು ಮನೆ ಕಟ್ಟಿಕೊಳ್ಳುತ್ತಾನೆ. ಆ ಮನೆಗೇ ಅಂಜಿ ಜನರು ಬಯಲಿನಲ್ಲಿ ಮಲಗುವ ಕಾಲವು 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರಕ್ಕೆ ಬಂದೊದಗಿತು. ಆ ತಿಂಗಳ 11ರ ರಾತ್ರಿಯ ಕಂಪನದ ಪ್ರಮಾಣ 4.1. ಪ್ರಾಣಹಾನಿಯಾಗಲಿಲ್ಲ, ಆದರೆ ನೆಲದೊಳಗಿನ ಸದ್ದು ಮತ್ತೆ ಮತ್ತೆ ಕೇಳಿಬಂದು, ಅನೇಕ ಕುಟುಂಬಗಳು ಊರನ್ನೇ ತೊರೆದವು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಂದು ಪರಿಶೀಲಿಸಿದರು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತಮುತ್ತ ಸುಮಾರು ಹತ್ತು ಸಾವಿರ ಜನ ಮಡಿದುದನ್ನು ಬಲ್ಲವರಿಗೆ ಆ ಭಯ ಅಕಾರಣವೆನಿಸದು.

ನೆಲ ನಡುಗಿದಾಗ ತನ್ನನ್ನು ತಾನೇ ಸಂಭಾಳಿಸಿಕೊಳ್ಳುವ ಕಟ್ಟಡವನ್ನು ನಿರ್ಮಿಸಲಾಗದೆ? 1989ರಲ್ಲಿಯೇ ಟೋಕಿಯೋ ನಗರದ ಹನ್ನೊಂದು ಅಂತಸ್ತಿನ ಕಟ್ಟಡವೊಂದರ ಮೇಲ್ಭಾಗದಲ್ಲಿ ಭಾರವಾದ ತೂಕಗಳನ್ನಿರಿಸಿ, ಕಟ್ಟಡದ ಓಲಾಟವನ್ನು ಗಮನಿಸಿ ಅವನ್ನು ಯಂತ್ರದಿಂದ ಸರಿಸುವ ಏರ್ಪಾಟಾಯಿತು. ಅನಂತರ ಕಬ್ಬಿಣದ ನುಣ್ಣನೆಯ ಪುಡಿ ಬೆರೆತ ಎಣ್ಣೆಯ ಕೊಳವೆಗಳು ಬಂದವು. ವಿದ್ಯುತ್ತಿನಿಂದ ಕಾಂತಕ್ಷೇತ್ರ ಹುಟ್ಟಿಸಿದೊಡನೆ ಎಣ್ಣೆ ಕ್ಷಣಾರ್ಧದಲ್ಲಿ ಗಟ್ಟಿಯಾಗಿ ಅಲುಗಾಟದ ಬಲವನ್ನು ಹೀರುತ್ತದೆ. ಅಂತಸ್ತು ಅಂತಸ್ತಿಗೂ ಇರಿಸಿದ ಪುಟ್ಟ ಸಂವೇದಕಗಳು, ತಂತಿಯ ಹಂಗಿಲ್ಲದೆ ರೇಡಿಯೋ ಅಲೆಗಳಿಂದ ಗಣಕಯಂತ್ರಕ್ಕೆ ಸುದ್ದಿ ಮುಟ್ಟಿಸುವುದು ಈ ವಿದ್ಯೆಯ ಹೊಸ ಕವಲು. ಬಿರುಕು ಬಿಟ್ಟ ಕಟ್ಟಡದ ಓಲಾಟ ಮೊದಲಿನಂತಿರುವುದಿಲ್ಲ. ಆದುದರಿಂದ ಗಣಕವು ಅದರ ಸ್ವಭಾವವನ್ನು ಹೊಸದಾಗಿ ಅರಿಯುತ್ತ ತನ್ನ ಅಪ್ಪಣೆಯನ್ನು ಬದಲಿಸಿಕೊಳ್ಳಬೇಕು.

ಇಲ್ಲಿನ ಅಪಾಯವನ್ನು ತೊಟ್ಟಿಲು ತೂಗುವ ತಾಯಂದಿರು ಸುಲಭವಾಗಿ ಗ್ರಹಿಸಬಲ್ಲರು. ತೊಟ್ಟಿಲು ತನ್ನತ್ತ ಬರುವಾಗ ಕೈಯೊಡ್ಡಿದರೆ ತೂಗು ತಗ್ಗುತ್ತದೆ. ದೂರ ಸರಿಯುವಾಗ ಅದೇ ಕೈ ತಳ್ಳಿದರೆ ಹೆಚ್ಚುತ್ತದೆ. ರೇಡಿಯೋ ಸುದ್ದಿ ತುಸು ತಡವಾದರೂ ರಕ್ಷಿಸಬೇಕಾದ ಯಂತ್ರವೇ ಕಟ್ಟಡವನ್ನು ಮತ್ತಷ್ಟು ಅಲುಗಿಸೀತು. ಭೂಕಂಪದ ಹೊತ್ತಿನಲ್ಲಿ ವಿದ್ಯುತ್ತು ನಿಂತುಹೋಗುವುದೂ ಉಂಟು.

ಇಷ್ಟೆಲ್ಲ ಬುದ್ಧಿ ನೆಲಸಲು ಗಟ್ಟಿಯಾದ ದೇಹವೊಂದು ಬೇಕು. ಕಿಲ್ಲಾರಿಯಲ್ಲಿ ಕುಸಿದ ಮನೆಗಳಿಗೆ ಮಣ್ಣಿನಲ್ಲಿ ಕಲ್ಲು ಜೋಡಿಸಿದ ದಪ್ಪ ಗೋಡೆಗಳೂ ಮೇಲೆ ಭಾರಿ ಮಣ್ಣಿನ ಮಾಳಿಗೆಯೂ ಇದ್ದವು. ಅಂತಹ ಗೋಡೆಯ ಒಳಮೈ ಹೊರಮೈಗಳು ನಡುಕಕ್ಕೆ ಬೇರೆ ಬೇರೆಯಾಗಿ ಬಿಚ್ಚಿಕೊಳ್ಳುತ್ತವೆ. ಅದಕ್ಕೆ ಅಂಟಿಸಿದ ಸಂವೇದಕವು ಗೋಡೆ ಬಿದ್ದ ಸುದ್ದಿಯನ್ನು ಮಾತ್ರ ಕಳುಹಿಸೀತು.

ಅಲ್ಲಿ ಬೇಕಾದ ಉಪಾಯ ಸರಳವಾದುದು. ಎರಡಡಿ ಎತ್ತರಕ್ಕೊಮ್ಮೆ, ನಾಲ್ಕಡಿ ಅಂತರಕ್ಕೊಂದರಂತೆ, ಗೋಡೆಯ ಈ ಮುಖದಿಂದ ಆ ಮುಖಕ್ಕೆ ಮುಟ್ಟುವ ಉದ್ದನೆಯ ಕಲ್ಲನ್ನು ಕೂರಿಸಬೇಕು. ಬಾಗಿಲು ಕಿಟಕಿಗಳ ನೆತ್ತಿಯ ಮಟ್ಟದಲ್ಲಿ ಮನೆಯ ಸುತ್ತ ಕಾಂಕ್ರೀಟಿನ ಇಲ್ಲವೆ ಮರದ ಪಟ್ಟಿ ಕಟ್ಟಬೇಕು. ಆಗ ನಾಲ್ಕು ಗೋಡೆಗಳೂ ಒಂದಾಗಿ ಓಲಾಡಿ ಒಂದಾಗಿ ನಿಲ್ಲುತ್ತವೆ.

ಟೋಕಿಯೋದ ಯಂತ್ರ ಹಳ್ಳಿಯ ಮನೆಗೆ ಬರುವುದು ದೂರದ ಮಾತು. ಕಲ್ಲಿಗೆ ಮಾತ್ರ ಶಹಾಬಾದು, ಚಿಂಚೋಳಿಗಳ ಸೀಮೆಯಲ್ಲಿ ಬರವಿಲ್ಲ. ಹೊಸ ಗೋಡೆ ಏಳುವಾಗ ಮನೆಯ ಯಜಮಾನನು ಗೌಂಡಿಯನ್ನು ಕೇಳಬೇಕಾದುದು ಇಷ್ಟೆ: ಈ ಕಲ್ಲು ಆಚೆಯ ಮುಖವನ್ನು ಮುಟ್ಟಿತೇ?